‘ರೇಟು ಇಳಿಯುತ್ತೆ, ಕಾಯೋಣ’ ಅನ್ನುವ ಏಜೆಂಟರ ಬಗ್ಗೆ ಎಚ್ಚರ

ದುಬೈ, ಶಾರ್ಜಾ, ಅಬುಧಾಬಿ ಕಡೆಯಿಂದ ಮಕ್ಕಳ ಬೇಸಿಗೆ ರಜೆಗೆ ಊರಿಗೆ ಬರುವವರು, ಅವರಿಗೆ ಇಲ್ಲಿಂದಲೇ ಟಿಕೆಟ್ ಮಾಡಿಸಿಕೊಡುವ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಅಕ್ಕನ ಮನೆಯವರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಸೀಟು ಬ್ಲಾಕ್ ಆಗಿದೆ, ಪಿಎನ್‌ಆರ್ ಬಂದಿದೆ ಅಂದ ಮಾತ್ರಕ್ಕೆ ಟಿಕೆಟ್ ಆಗಿರುವುದಿಲ್ಲ. ದರ ಇಳಿಯುತ್ತೆ ಅಂತ ನಮ್ಮನ್ನು ಕಾಯಿಸುವವರಿಗೆ ಕಾಯುವುದರಿಂದ ಯಾವ ನಷ್ಟವೂ ಇಲ್ಲ. ದರ ಏರಿದರೆ ಕೈಯಿಂದ ಹಾಕಬೇಕಾದವರು ನಾವು.

ನಾವು ಮೈಸೂರಿನವರು. ಅಕ್ಕ, ಭಾವ, ಇಬ್ಬರು ಮಕ್ಕಳು ದುಬೈನಲ್ಲಿದ್ದಾರೆ. ಜುಲೈನಲ್ಲಿ ಅಮ್ಮನ ಮಂಡಿ ಆಪರೇಷನ್ ಇಟ್ಟುಕೊಂಡಿದ್ದೆವು. ಅಕ್ಕ ಜೊತೆಗಿರಲಿ ಅಂತಲೇ ಆ ತಿಂಗಳು ಆರಿಸಿದ್ದು. ಮಾರ್ಚ್ ಕೊನೆಯಲ್ಲಿ ಭಾವ ನಮ್ಮೂರಿನ ಏಜೆಂಟ್ ಒಬ್ಬರಿಗೆ ಟಿಕೆಟ್ ಮಾಡಲು ಹೇಳಿದರು. ಹಿಂದೆಯೂ ಅವರ ಹತ್ತಿರವೇ ಮಾಡಿಸಿದ್ದು, ಯಾವ ತೊಂದರೆಯೂ ಆಗಿರಲಿಲ್ಲ. ದುಬೈನಿಂದ ಬೆಂಗಳೂರಿಗೆ ಬಂದು ಹೋಗಲು ಆಗ ಒಬ್ಬರಿಗೆ ಹತ್ತಿರ ಹತ್ತಿರ 30,000 ರೂಪಾಯಿ. ಭಾವ ನಾಲ್ವರ ಹಣವನ್ನೂ ಅವರ ಖಾತೆಗೆ ಹಾಕಿದರು.

ಅವರು ಹೇಳಿದ್ದು ಇಷ್ಟು: ‘ಸೀಟು ಬ್ಲಾಕ್ ಮಾಡಿದೀನಿ ಸರ್, ಟೆನ್ಷನ್ ಬೇಡ. ಈಗ್ಲೇ ಇಶ್ಯೂ ಮಾಡಿದ್ರೆ ಸುಮ್ನೆ ಜಾಸ್ತಿ ಕೊಟ್ಟಂಗಾಗುತ್ತೆ. ಮೇ ತಿಂಗಳಲ್ಲಿ ರೇಟು ಇಳಿಯುತ್ತೆ, ಕಾಯೋಣ. ಉಳಿದಿದ್ದು ನಿಮಗೇ ವಾಪಸ್ ಹಾಕ್ತೀನಿ.’

ವಾಟ್ಸಾಪ್‌ಗೆ ಒಂದು ಪಿಡಿಎಫ್ ಕೂಡ ಬಂತು. ಮೇಲೆ ಆರು ಅಕ್ಷರದ ಪಿಎನ್‌ಆರ್. ಕೆಳಗೆ ನಾಲ್ವರ ಹೆಸರು, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ. ವಿಮಾನದ ನಂಬರು, ಹೊರಡುವ ಸಮಯ, ಎಷ್ಟು ಕೆಜಿ ಲಗೇಜು, ಎಲ್ಲವೂ ಇತ್ತು. ಸ್ಟೇಟಸ್ ಅನ್ನುವ ಕಡೆ ‘ಎಚ್‌ಕೆ’ ಅಂತ ಇತ್ತು. ಹಾಗಂದ್ರೆ ಕನ್ಫರ್ಮ್ ಅಂದರು. ಅದು ಸುಳ್ಳಲ್ಲ, ಅದಕ್ಕೇ ಅಪಾಯ ಜಾಸ್ತಿ. ಎಚ್‌ಕೆ ಅಂದರೆ ಸೀಟನ್ನು ನಿಮ್ಮ ಹೆಸರಿನಲ್ಲಿ ಹಿಡಿದಿದ್ದಾರೆ ಅಂತ ಮಾತ್ರ. ಹಣ ಕಟ್ಟಿ ಟಿಕೆಟ್ ತೆಗೆದಿದ್ದಾರೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಆ ಪಿಡಿಎಫ್‌ನಲ್ಲಿ ಟಿಕೆಟ್ ನಂಬರ್ ಅನ್ನುವ ಸಾಲೇ ಇರಲಿಲ್ಲ.

ಹೀಗೆ ಹಿಡಿದಿಟ್ಟ ಸೀಟಿಗೆ ವಿಮಾನ ಸಂಸ್ಥೆ ಒಂದು ಗಡುವು ಕೊಡುತ್ತದೆ. ಟಿಕೆಟಿಂಗ್ ಟೈಮ್ ಲಿಮಿಟ್ ಅಂತಾರೆ. ಕೆಲವು ಸಲ ಕೆಲವೇ ಗಂಟೆ, ಕೆಲವು ಸಲ ಕೆಲವು ದಿನ. ಅಷ್ಟರೊಳಗೆ ಟಿಕೆಟ್ ಆಗದಿದ್ದರೆ ಬುಕಿಂಗ್ ತಾನಾಗಿಯೇ ರದ್ದಾಗುತ್ತದೆ. ಯಾರೂ ಫೋನ್ ಮಾಡಿ ಹೇಳುವುದಿಲ್ಲ.

ಏಪ್ರಿಲ್ ಕಳೆಯಿತು, ಮೇ ಕಳೆಯಿತು. ಕೇಳಿದಾಗೆಲ್ಲ ‘ಸೀಟು ಇದೆ ಸರ್, ಮಂಗಳವಾರ ರಾತ್ರಿ ರೇಟು ಬೀಳುತ್ತೆ, ನೋಡ್ತಾ ಇದೀನಿ’ ಅನ್ನುವ ಉತ್ತರ. ಜೂನ್ ಶುರುವಿನಲ್ಲಿ ಭಾವ ನೇರವಾಗಿ ವಿಮಾನ ಸಂಸ್ಥೆಗೇ ಫೋನ್ ಮಾಡಿದರು. ಆ ಕಡೆಯ ಹುಡುಗಿ ಪಿಎನ್‌ಆರ್ ನೋಡಿ, ಇದು ಏಪ್ರಿಲ್‌ನಲ್ಲೇ ರದ್ದಾಗಿದೆ, ಟಿಕೆಟ್ ಇಶ್ಯೂ ಆಗೇ ಇಲ್ಲ, ನಮಗೆ ಹಣವೂ ಬಂದಿಲ್ಲ ಅಂದಳು. ಅದೇ ವಿಮಾನಕ್ಕೆ ಆ ದಿನದ ದರ ಒಬ್ಬರಿಗೆ 58,000 ರೂಪಾಯಿ. ಏಜೆಂಟರನ್ನು ಕೇಳಿದರೆ, ‘ರೇಟು ಏರಿಬಿಡ್ತು ಸರ್, ಡಿಫರೆನ್ಸ್ ಕೊಟ್ರೆ ಈಗ್ಲೇ ಮಾಡ್ಕೊಡ್ತೀನಿ’ ಅಂದರು. ಹಣ ವಾಪಸ್ ಕೇಳಿದೆವು. ಅದರಲ್ಲೂ ‘ಏರ್‌ಲೈನ್ ಕ್ಯಾನ್ಸಲೇಷನ್ ಚಾರ್ಜ್’ ಅಂತ ಒಬ್ಬೊಬ್ಬರಿಗೆ ಇಷ್ಟು ಅಂತ ಹಿಡಿದುಕೊಂಡರು. ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಇದಕ್ಕೆ. ತೆಗೆಯದೇ ಇದ್ದ ಟಿಕೆಟ್‌ಗೆ ವಿಮಾನ ಸಂಸ್ಥೆ ಯಾವ ಕ್ಯಾನ್ಸಲೇಷನ್ ಚಾರ್ಜ್ ಹಾಕಲು ಸಾಧ್ಯ?

ಕೊನೆಗೆ ಅಕ್ಕ, ಮಕ್ಕಳು ಬೇರೆ ದಿನದ ವಿಮಾನದಲ್ಲಿ ಬಂದರು. ಅಷ್ಟರಲ್ಲಿ ಅಮ್ಮನ ಆಪರೇಷನ್ ಮುಗಿದಿತ್ತು. ಭಾವನಿಗೆ ಬರಲಾಗಲಿಲ್ಲ.

ಜುಲೈ ಟಿಕೆಟ್ ಮೇನಲ್ಲಿ ಯಾಕೆ ಇಳಿಯಲಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ವಿಮಾನದ ಇಕಾನಮಿ ಸೀಟುಗಳನ್ನು ಹಲವು ದರಗಳ ಗುಂಪುಗಳಾಗಿ ಮಾಡಿರುತ್ತಾರೆ. ಪ್ರತಿ ಗುಂಪಿಗೂ ಒಂದು ಇಂಗ್ಲಿಷ್ ಅಕ್ಷರ. ಅಗ್ಗದ ಗುಂಪಿನ ಸೀಟು ಮುಗಿದರೆ ಮುಂದಿನ ಗುಂಪಿನ ದರ ತೋರಿಸುತ್ತದೆ. ವಿಮಾನ ಖಾಲಿ ಹೋಗುವಂತಿದ್ದರೆ ಅಗ್ಗದ ಗುಂಪನ್ನು ಮತ್ತೆ ತೆರೆಯುತ್ತಾರೆ. ಹಾಗಾಗಿ ಕಾದವರಿಗೆ ಕೆಲವು ಸಲ ಲಾಭ ಆಗುವುದು ನಿಜ. ಆದರೆ ಯುಎಇಯ ಶಾಲೆಗಳಿಗೆಲ್ಲ ಜುಲೈ–ಆಗಸ್ಟ್‌ನಲ್ಲಿ ಒಟ್ಟಿಗೇ ರಜೆ. ಕೇರಳದವರು, ಮಂಗಳೂರಿನವರು, ಹೈದರಾಬಾದಿನವರು, ನಾವು, ಎಲ್ಲರೂ ಅದೇ ವಾರದಲ್ಲಿ ಹೊರಡುತ್ತೇವೆ. ಬೇಡಿಕೆ ಇದೆ ಅಂತ ಬೇಕಾದಷ್ಟು ವಿಮಾನ ಹಾಕಲೂ ಆಗುವುದಿಲ್ಲ. ಭಾರತ–ದುಬೈ ನಡುವೆ ವಾರಕ್ಕೆ ಇಷ್ಟೇ ಸೀಟು ಅಂತ ಎರಡೂ ಸರ್ಕಾರಗಳ ಒಪ್ಪಂದವಿದೆ. ಹಲವು ವರ್ಷಗಳಿಂದ ಅದು ಒಂದೊಂದು ಕಡೆಯವರಿಗೆ ಸುಮಾರು 65,000 ಸೀಟಿನ ಆಸುಪಾಸಿನಲ್ಲೇ ಇತ್ತು. ಇಂಥ ದಾರಿಯಲ್ಲಿ, ಇಂಥ ವಾರದಲ್ಲಿ ವಿಮಾನ ಖಾಲಿ ಉಳಿಯುವುದು ಎಲ್ಲಿಂದ ಬಂತು?

ಮಂಗಳವಾರದ ಮಾತೂ ಅಷ್ಟೇ. ಈಗ ದರಗಳು ದಿನಕ್ಕೆ ಹಲವಾರು ಸಲ ಬದಲಾಗುತ್ತವೆ. ಕೊಳ್ಳುವ ವಾರ ಯಾವುದು ಅನ್ನುವುದಕ್ಕಿಂತ ಪ್ರಯಾಣದ ವಾರ ಯಾವುದು ಅನ್ನುವುದೇ ಮುಖ್ಯ. ಹೊರಡುವ ದಿನವನ್ನು ಶುಕ್ರವಾರದಿಂದ ವಾರದ ನಡುವಿಗೆ ಸರಿಸಿದರೆ ಎಷ್ಟೋ ಸಲ ನಿಜವಾಗಿಯೂ ಹಣ ಉಳಿಯುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ನಾಲ್ಕು ಸೀಟು ಒಟ್ಟಿಗೆ ಹುಡುಕಿದಾಗ, ಅಗ್ಗದ ಗುಂಪಿನಲ್ಲಿ ಮೂರೇ ಉಳಿದಿದ್ದರೆ ನಾಲ್ಕಕ್ಕೂ ಮೇಲಿನ ದರವನ್ನೇ ತೋರಿಸುವ ಸೈಟ್‌ಗಳು ಜಾಸ್ತಿ. ಮೊದಲು ಒಬ್ಬರಿಗೆ ಅಂತ ಹುಡುಕಿ, ಆಮೇಲೆ ಇಬ್ಬರಿಗೆ, ನಾಲ್ವರಿಗೆ ಹುಡುಕಿ ನೋಡಿ. ತಲಾ ದರ ಬದಲಾದರೆ ಎರಡು ಬುಕಿಂಗ್ ಮಾಡಬಹುದು. ಮಕ್ಕಳನ್ನು ಮಾತ್ರ ದೊಡ್ಡವರ ಬುಕಿಂಗ್‌ನಲ್ಲೇ ಇಡಿ.

ರಜೆ, ಹಬ್ಬ, ಮದುವೆ, ಆಪರೇಷನ್ ಥರದ ಬದಲಾಯಿಸಲಾಗದ ದಿನಾಂಕ ಇದ್ದರೆ ನನ್ನ ಅಭಿಪ್ರಾಯ ಸ್ಪಷ್ಟ: ನಾಲ್ಕೈದು ತಿಂಗಳು ಮುಂಚೆಯೇ ದರ ನೋಡಲು ಶುರು ಮಾಡಿ. ಗೂಗಲ್ ಫ್ಲೈಟ್ಸ್‌ನಲ್ಲಿ ನಿಮ್ಮ ದಿನಾಂಕಕ್ಕೆ ಅಲರ್ಟ್ ಹಾಕಿ. ಮನೆಯಲ್ಲಿ ಕೂತು ಇಷ್ಟು ಕೊಡಬಹುದು ಅಂತ ಒಂದು ಮೊತ್ತ ಗೊತ್ತು ಮಾಡಿಕೊಳ್ಳಿ. ಅಷ್ಟಕ್ಕೆ ಸಿಕ್ಕಿದ ದಿನ ಕೊಂಡುಬಿಡಿ, ಆಮೇಲೆ ನೋಡಲು ಹೋಗಬೇಡಿ. ಸೆಪ್ಟೆಂಬರ್ ನಡುವಿನಲ್ಲೋ ಫೆಬ್ರವರಿಯಲ್ಲೋ ಸುಮ್ನೆ ಬಂದು ಹೋಗುವುದಾದರೆ ಕಾಯಿರಿ, ತೊಂದರೆಯಿಲ್ಲ.

ಏಜೆಂಟರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ವಯಸ್ಸಾದ ಅಪ್ಪ ಅಮ್ಮನ ಟಿಕೆಟ್, ವೀಲ್‌ಚೇರ್, ಸೀಟು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಕೊಡುವವರು ಎಷ್ಟೋ ಜನ ಇದ್ದಾರೆ. ಆದರೆ ಹಣ ಕೊಟ್ಟ ದಿನವೇ ಟಿಕೆಟ್ ನಂಬರ್ ಕೇಳಿ. ದೊಡ್ಡ ವಿಮಾನ ಸಂಸ್ಥೆಗಳ ಟಿಕೆಟ್‌ಗೆ 13 ಅಂಕಿಯ ನಂಬರ್ ಇರುತ್ತದೆ. ಮೊದಲ ಮೂರು ಅಂಕಿ ಆ ಸಂಸ್ಥೆಯ ಗುರುತು. ಎಮಿರೇಟ್ಸ್‌ದು 176, ಏರ್ ಇಂಡಿಯಾದ್ದು 098. ಕಡಿಮೆ ದರದ ಹಲವು ಸಂಸ್ಥೆಗಳಲ್ಲಿ ಬೇರೆ ಟಿಕೆಟ್ ನಂಬರ್ ಇರುವುದಿಲ್ಲ, ಪಿಎನ್‌ಆರ್ ಒಂದೇ. ಅಲ್ಲಿ ಬುಕಿಂಗ್ ಕನ್ಫರ್ಮ್ಡ್ ಅಂತ ಇದೆಯಾ, ಕಟ್ಟಬೇಕಾದ ಬಾಕಿ ಇದೆಯಾ ನೋಡಿ. ಎರಡನ್ನೂ ಏಜೆಂಟರ ಪಿಡಿಎಫ್‌ನಲ್ಲಿ ನೋಡಬೇಡಿ. ವಿಮಾನ ಸಂಸ್ಥೆಯ ಸ್ವಂತ ವೆಬ್‌ಸೈಟಿಗೆ ಹೋಗಿ, ಪಿಎನ್‌ಆರ್ ಮತ್ತು ಹೆಸರು ಹಾಕಿ ನೀವೇ ನೋಡಿ. ಆಗಾಗ ಮತ್ತೆ ನೋಡುತ್ತಿರಿ. ಸಾಧ್ಯವಾದರೆ ಹಣವನ್ನು ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ. ತಕರಾರು ಬಂದಾಗ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಕಟ್ಟಿದ ಹಣ ವಾಪಸ್, ಕೇಳಬಹುದು. ಭಾವ ಖಾತೆಗೆ ನೇರ ಹಾಕಿದ್ದರಿಂದ ಆ ದಾರಿ ಇರಲಿಲ್ಲ.

ನಿಜವಾಗಿ ತೆಗೆದ ಟಿಕೆಟ್ ರದ್ದು ಮಾಡಿದಾಗಲೂ ಎಲ್ಲ ಹಣ ಹೋಯಿತು ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಾನ್ ರಿಫಂಡಬಲ್ ಟಿಕೆಟ್ ಆದರೂ ಸರ್ಕಾರಿ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಕೊಡಬೇಕು ಅಂತ ನಮ್ಮ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮವೇ ಇದೆ.

ನಮ್ಮ ವಿಷಯದಲ್ಲಿ, ಬುಕಿಂಗ್ ಯಾವಾಗ ರದ್ದಾಯಿತು, ಟಿಕೆಟ್ ಇಶ್ಯೂ ಆಗಿತ್ತಾ ಅಂತ ಭಾವ ವಿಮಾನ ಸಂಸ್ಥೆಯಿಂದ ಇಮೇಲ್‌ನಲ್ಲಿ ಬರೆಸಿಕೊಂಡರು. ಅದರ ಜೊತೆ ವಾಟ್ಸಾಪ್ ಮೆಸೇಜ್‌ಗಳು, ಹಣ ಹಾಕಿದ ದಾಖಲೆ ಇಟ್ಟು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ ಅಂತ ಏಜೆಂಟರಿಗೆ ಕಳಿಸಿದೆವು. ಹಿಡಿದುಕೊಂಡಿದ್ದ ಹಣ ವಾಪಸ್ ಬಂತು. ದರದಲ್ಲಿ ಆದ ನಷ್ಟ ಬರಲಿಲ್ಲ. ನಿಮಗೂ ಹೀಗಾಗಿದ್ದರೆ ಮೊದಲು ಆ ಇಮೇಲ್ ತರಿಸಿಕೊಳ್ಳಿ, ಆಮೇಲೆ ಏಜೆಂಟರ ಜೊತೆ ಮಾತಾಡಿ.