ಡಿ-ಮಾರ್ಟ್, ಶೆಟ್ಟರ ಅಂಗಡಿ, ಯಶವಂತಪುರ ಯಾರ್ಡ್: ದಿನಸಿ ಎಲ್ಲಿ ಅಗ್ಗ?

ಬೆಂಗಳೂರಿನ ಮಲ್ಲೇಶ್ವರ, ರಾಜಾಜಿನಗರದ ಕಡೆ ಇರುವವರಿಗೆ ದಿನಸಿ ಅಂಗಡಿಗಳಿಗೆ ಬರವಿಲ್ಲ. ಬೀದಿ ತುದಿಯಲ್ಲಿ ಶೆಟ್ಟರ ಅಂಗಡಿ. ಸ್ಕೂಟರ್ ಹತ್ತಿದರೆ ಯಶವಂತಪುರದ ಎಪಿಎಂಸಿ ಯಾರ್ಡ್, ಅಂದರೆ ಸಗಟು ಮಾರುಕಟ್ಟೆ. ಆ ಕಡೆ ಈ ಕಡೆ ಡಿ-ಮಾರ್ಟ್, ರಿಲಯನ್ಸ್, ಮೋರ್. ತರಕಾರಿಗೆ ರೈತರ ಸಹಕಾರ ಸಂಘದ ಹಾಪ್‌ಕಾಮ್ಸ್ ಮಳಿಗೆ, ಮಲ್ಲೇಶ್ವರದ ಎಂಟನೇ ಕ್ರಾಸ್ ಮಾರುಕಟ್ಟೆ. ಇಷ್ಟು ಸಾಲದು ಅಂತ ಫೋನ್‌ನಲ್ಲಿ ಆ್ಯಪ್‌ಗಳು. ಎಲ್ಲರದೂ ಒಂದೇ ಮಾತು, ನಮ್ಮಲ್ಲೇ ಕಡಿಮೆ. ನಮ್ಮದು ಐದು ಜನರ ಮನೆ. ಕೆಲವು ತಿಂಗಳು ಒಂದೇ ಪಟ್ಟಿ ಹಿಡಿದು ಬೇರೆ ಬೇರೆ ಕಡೆ ಕೊಂಡು, ಬಿಲ್‌ಗಳನ್ನೆಲ್ಲ ಡಬ್ಬಿಗೆ ಹಾಕಿಟ್ಟು, ಆಮೇಲೆ ಕೂತು ಲೆಕ್ಕ ನೋಡಿದೆ.

ಅಕ್ಕಿಗೆ ಗೆದ್ದದ್ದು ಒಂದು ಜಾಗ, ಬೇಳೆಗೆ ಇನ್ನೊಂದು, ಸೋಪು ಪೇಸ್ಟಿಗೆ ಮತ್ತೊಂದು. ಹೀಗಾಗಲು ಕಾರಣ ಎಂಆರ್‌ಪಿ.

ಒಂದು ಕಂಪನಿಯ ಸೋಪು ತಗೊಳ್ಳಿ. ಅದರ ಎಂಆರ್‌ಪಿ ಕಂಪನಿಯವರು ಅಚ್ಚು ಹಾಕಿದ್ದು. ಬೀದರ್‌ನಲ್ಲಿ ಕೊಂಡರೂ ಅಷ್ಟೇ, ಬೆಂಗಳೂರಿನಲ್ಲಿ ಕೊಂಡರೂ ಅಷ್ಟೇ. ಹಾಗಾಗಿ ಅಂಗಡಿಯವನು ಅದರಲ್ಲಿ ಐದು ರೂಪಾಯಿ ಬಿಟ್ಟರೆ ನಿಮಗೆ ನಿಜವಾಗಿಯೂ ಐದು ರೂಪಾಯಿ ಉಳಿಯಿತು. ತೊಗರಿಬೇಳೆ ಕಥೆ ಬೇರೆ. ಸೂಪರ್‌ಮಾರ್ಕೆಟ್ ತಾನೇ ಪ್ಯಾಕ್ ಮಾಡಿಸಿ ತನ್ನ ಹೆಸರು ಹಾಕಿದ ಬೇಳೆಗೆ ಎಂಆರ್‌ಪಿ ಬರೆಯುವವರೂ ಅವರೇ. ಎಂಆರ್‌ಪಿ 220, ನಮ್ಮ ಬೆಲೆ 145 ಅಂತ ಬರೆದಿದ್ದರೆ ಎಪ್ಪತ್ತೈದು ರೂಪಾಯಿ ಉಳಿಯಿತು ಅನಿಸುತ್ತದೆ. ಅದೇ ದಿನ ಶೆಟ್ಟರ ಅಂಗಡಿಯಲ್ಲಿ ಅಂಥದೇ ಬೇಳೆ ಬಿಡಿಯಾಗಿ 140ಕ್ಕೆ ಇತ್ತು. ಬಿಲ್ಲಿನ ಕೆಳಗೆ ದಪ್ಪಕ್ಷರದಲ್ಲಿ 'ನೀವು ಉಳಿಸಿದ್ದು' ಅಂತ ಬರುತ್ತದಲ್ಲ, ಅದನ್ನು ನಾನು ಈಗ ಓದುವುದೇ ಇಲ್ಲ.

ನಾನು ನೋಡುವುದು ಕಿಲೋಗೆ ಎಷ್ಟು ಬಿತ್ತು ಅಂತ. ಈಗ ಪ್ಯಾಕೆಟ್ ಮೇಲೆ ಇದನ್ನೂ ಬರೆದಿರುತ್ತಾರೆ, ಎಂಆರ್‌ಪಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ. ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಮ್ ಲೆಕ್ಕ, ಜಾಸ್ತಿ ಇದ್ದರೆ ಕಿಲೋ ಲೆಕ್ಕ. ಆದರೆ ಆ ಲೆಕ್ಕ ಎಂಆರ್‌ಪಿಯದ್ದು, ನೀವು ಕೊಡುವ ಬೆಲೆಯದ್ದಲ್ಲ. ಫೋನ್‌ನ ಕ್ಯಾಲ್ಕುಲೇಟರ್ ತೆಗೆಯಲೇಬೇಕು.

ಇನ್ನು ಅಕ್ಕಿ. ನಮ್ಮ ಮನೆಯ ದಿನಸಿಯಲ್ಲಿ ದೊಡ್ಡ ಖರ್ಚು ಇದೇ, ಉಳಿಯುವುದೂ ಇಲ್ಲೇ. 2022ರ ಜುಲೈನಲ್ಲಿ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿಗೆ 5% ಜಿಎಸ್‌ಟಿ ಬಂತು. ಆದರೆ ಅದು 25 ಕೆಜಿವರೆಗಿನ ಪ್ಯಾಕಿಗೆ ಮಾತ್ರ. ಅದಾದ ಮೇಲೆ ಮಾರುಕಟ್ಟೆಗೆ ಬಂದದ್ದೇ 26 ಕೆಜಿ ಚೀಲ! ಒಂದು ಕಿಲೋ ಜಾಸ್ತಿ ತುಂಬಿದರೆ ತೆರಿಗೆ ಇಲ್ಲ. ಕಿಲೋಗೆ 60 ರೂಪಾಯಿಯ ಸೋನಾ ಮಸೂರಿ ಅಂದುಕೊಂಡರೆ, ಚೀಲಕ್ಕೆ ಹತ್ತಿರ ಹತ್ತಿರ 78 ರೂಪಾಯಿ ವ್ಯತ್ಯಾಸ. ತೆರೆದ ಚೀಲದಿಂದ ಬಿಡಿಯಾಗಿ ತೂಗಿಸಿಕೊಂಡರೂ ತೆರಿಗೆ ಬೀಳುವುದಿಲ್ಲ. ಸೂಪರ್‌ಮಾರ್ಕೆಟ್‌ನ 5 ಕೆಜಿ ಪ್ಯಾಕೆಟ್‌ನಲ್ಲಿ ಆ ತೆರಿಗೆ ಸೇರಿಯೇ ಇರುತ್ತದೆ.

ಈ 26 ಕೆಜಿ ಚೀಲವನ್ನು ಯಾರ್ಡ್‌ನಲ್ಲಿ ಕೊಂಡರೆ ಇನ್ನೊಂದು ಅನುಕೂಲ ಇದೆ. ಕಬ್ಬಿಣದ ಚೂಪು ಕೊಳವೆಯನ್ನು ಚೀಲಕ್ಕೆ ಚುಚ್ಚಿ ಒಂದು ಹಿಡಿ ಅಕ್ಕಿ ಅಂಗೈಗೆ ಸುರಿಯುತ್ತಾರೆ. ನುಚ್ಚು ಎಷ್ಟಿದೆ, ಕೈಗೆ ಬಿಳಿ ಪುಡಿ ಎಷ್ಟು ಹತ್ತುತ್ತದೆ, ಕಾಳು ಹಳೇದಾ ಹೊಸದಾ, ಅಲ್ಲೇ ಗೊತ್ತಾಗುತ್ತದೆ. ಹೊಸ ಅಕ್ಕಿ ಅಗ್ಗ, ಆದರೆ ಅನ್ನ ಮುದ್ದೆಯಾಗುತ್ತದೆ. ನಮ್ಮ ಅತ್ತೆ ಎರಡು ಕಾಳು ಬಾಯಿಗೆ ಹಾಕಿ ಕಟುಂ ಅನಿಸಿ, "ಇದು ಬೇಡಪ್ಪ, ಇನ್ನೊಂದು ತೋರ್ಸಿ" ಅಂದುಬಿಡುತ್ತಾರೆ. ಮುಚ್ಚಿದ ಪ್ಯಾಕೆಟ್ಟಿನ ಮುಂದೆ ನಿಂತು ಈ ಆಟ ನಡೆಯುವುದಿಲ್ಲ. ಒಂದೇ ಮಾತು: ಚೀಲ ಸ್ಕೂಟರ್‌ನ ಕಾಲಿಡುವ ಜಾಗದಲ್ಲಿ ಬರಬೇಕು. ಆಟೊ ಮಾಡಿದಿರೋ, ಉಳಿದದ್ದೆಲ್ಲ ಮೀಟರ್‌ಗೆ ಹೋಯಿತು. ಇಬ್ಬರೇ ಇರುವ ಮನೆಗೂ ಇದು ಬೇಡ, 26 ಕೆಜಿ ಮುಗಿಯುವಷ್ಟರಲ್ಲಿ ಹುಳ ಬೀಳುತ್ತದೆ.

ಬೇಳೆಗೆ ನನ್ನ ಓಟು ಶೆಟ್ಟರ ಅಂಗಡಿಗೆ. ಕಿಲೋಗೆ ನಾಲ್ಕೈದು ರೂಪಾಯಿ ಆಚೀಚೆ ಇರಬಹುದು, ಆದರೆ "ಅಕ್ಕ, ಈ ಲಾಟ್ ಬೇಯಲ್ಲ, ಎರಡು ದಿನ ತಡೀರಿ" ಅಂತ ಹೇಳುವವರು ಅವರೊಬ್ಬರೇ. ಕುಕ್ಕರ್ ಮೂರು ವಿಸಿಲ್‌ಗೆ ಇಳಿಸುವುದಕ್ಕೂ ಆರು ಕೂಗಿಸುವುದಕ್ಕೂ ಗ್ಯಾಸ್ ಲೆಕ್ಕ ಇದೆ ತಾನೇ? ಕಲಬುರಗಿ ಕಡೆಯ ಹೊಸ ತೊಗರಿ ಜನವರಿ ಸುಮಾರಿಗೆ ಬರತೊಡಗುತ್ತದೆ. ವರ್ಷದ ಬೇಳೆ ಒಟ್ಟಿಗೆ ತರುವವರು ಅದಾದ ಮೇಲೆ ತರುವುದು ಒಳ್ಳೆಯದು. ಬ್ಯಾಡಗಿ ಮೆಣಸಿನಕಾಯಿಗೂ ಹೆಚ್ಚುಕಡಿಮೆ ಅದೇ ಕಾಲ.

ಸೋಪು, ಪೇಸ್ಟು, ಬಟ್ಟೆ ಪುಡಿ, ಬಿಸ್ಕತ್ತು, ಚಹಾ ಪುಡಿ: ಇದಕ್ಕೆ ಡಿ-ಮಾರ್ಟ್. ಇಲ್ಲಿ ನನಗೆ ಅನುಮಾನವೇ ಇಲ್ಲ. 2002ರಲ್ಲಿ ಮುಂಬೈಯ ಪೊವೈಯಲ್ಲಿ ಶುರುವಾದಾಗಿಂದ ಅವರ ದಾರಿ ಒಂದೇ. ಆದಷ್ಟು ಸ್ವಂತ ಕಟ್ಟಡ, ಬಾಡಿಗೆ ಭಾರ ಇಲ್ಲ. ಮಾಲು ಕೊಟ್ಟವರಿಗೆ ಬೇಗ ದುಡ್ಡು ಕೊಟ್ಟು ದರ ಇಳಿಸಿಕೊಳ್ಳುತ್ತಾರೆ. ವಾರಕ್ಕೊಂದು ಆಫರ್ ಅನ್ನುವ ಗಲಾಟೆ ಕಡಿಮೆ, ದಿನವೂ ಎಂಆರ್‌ಪಿಗಿಂತ ಕೆಳಗೆ. ರಿಲಯನ್ಸ್, ಮೋರ್‌ಗಳಲ್ಲಿ ಆಫರ್ ಇದ್ದ ದಿನ ಕೆಲವು ಸಾಮಾನು ಇದಕ್ಕಿಂತ ಅಗ್ಗಕ್ಕೆ ಸಿಕ್ಕಿದ್ದೂ ಉಂಟು, ಆದರೆ ಆ ದಿನ ಯಾವುದು ಅಂತ ಕಾಯುತ್ತಾ ಕೂರೋರು ಯಾರು? ಒಂದು ಎಚ್ಚರಿಕೆ. ಸೋಪು, ಶಾಂಪೂ, ಪೇಸ್ಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18%ನಿಂದ 5%ಗೆ ಇಳಿದಿದೆ. ಅದಕ್ಕಿಂತ ಹಳೇ ಬಿಲ್ ಜೊತೆ ಹೋಲಿಸಿದರೆ ಎಲ್ಲ ಅಂಗಡಿಯೂ ಅಗ್ಗವಾಗಿಯೇ ಕಾಣುತ್ತದೆ.

ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅನ್ನುವುದೂ ಸುಳ್ಳು. ಒಂದು ರೂಪಾಯಿಯ ಶಾಂಪೂ ಸ್ಯಾಶೆಯಲ್ಲಿ 5ರಿಂದ 6 ಎಂಎಲ್ ಇರುತ್ತದೆ. ಬಾಟಲಿಯನ್ನು ಅದೇ ಲೆಕ್ಕಕ್ಕೆ ಇಳಿಸಿ ನೋಡಿ, ಡಿ-ಮಾರ್ಟ್ ದರದಲ್ಲೂ ಸ್ಯಾಶೆ ಮಾಲೆಯೇ ಗೆಲ್ಲುತ್ತದೆ. ಎಣ್ಣೆಯಲ್ಲಿ ಮೋಸ ಹೋಗುವುದು ಕಣ್ಣು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಮ್ ತೂಗುತ್ತದೆ. ನೋಡಲು ಲೀಟರ್ ಪ್ಯಾಕೆಟ್ಟಿನ ಹಾಗೇ ಇದ್ದು ಒಳಗೆ 850 ಗ್ರಾಮ್ ಇರುವವೂ ಪಕ್ಕದಲ್ಲೇ ಇರುತ್ತವೆ. ಬೆಲೆ ಕಡಿಮೆ ಅಂತ ಕೈ ಮೊದಲು ಹೋಗುವುದು ಅದರ ಕಡೆಗೇ.

ಸೂಪರ್‌ಮಾರ್ಕೆಟ್‌ನ ನಿಜವಾದ ಖರ್ಚು ಟ್ರಾಲಿ. ಪೇಸ್ಟಿಗೆ ಹೋದವರು ಬಕೆಟ್, ನೈಟಿ, ಗೋಡಂಬಿ ಪ್ಯಾಕೆಟ್ ಹಿಡಿದು ಬರುತ್ತಾರೆ. ನಾನು ಟ್ರಾಲಿ ಬಿಟ್ಟು ಕೈಬುಟ್ಟಿ ಹಿಡಿಯುತ್ತೇನೆ, ಭಾರ ಆದರೆ ಆಸೆ ತಾನಾಗೇ ನಿಲ್ಲುತ್ತದೆ. ಬಿಲ್ ಅನ್ನು ಗಲ್ಲಾ ಬಿಡುವ ಮೊದಲೇ ಓದಿ. ಒಂದು ಕಡೆ (ಹೆಸರು ಬೇಡ) ತಟ್ಟೆ ತೊಳೆಯುವ ಲಿಕ್ವಿಡ್‌ಗೆ ಶೆಲ್ಫ್‌ನ ಚೀಟಿಯಲ್ಲಿ ಒಂದು ಬೆಲೆ, ಬಿಲ್‌ನಲ್ಲಿ ಇನ್ನೊಂದು ಇತ್ತು. ಕೇಳಿದ ಮೇಲೆ ವಾಪಸ್ ಕೊಟ್ಟರು.

ಹತ್ತು ನಿಮಿಷದ ಆ್ಯಪ್‌ಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಾಮಾನಿನ ಬೆಲೆ ಪರವಾಗಿಲ್ಲ, ಕೊನೆಗೆ ಹ್ಯಾಂಡ್ಲಿಂಗ್, ಡೆಲಿವರಿ ಅಂತ ಸೇರಿಸುತ್ತಾರೆ. ಡೆಲಿವರಿ ಫ್ರೀ ಆಗಲಿ ಅಂತ ನಾವೇ ಇನ್ನೊಂದು ಚಿಪ್ಸ್ ಹಾಕುತ್ತೇವೆ. ನಂದಿನಿ ಹಾಲು ಬೂತ್‌ನಲ್ಲಿ ಎಂಆರ್‌ಪಿಗೆ ಸಿಗುವಾಗ ಅದಕ್ಕೆ ಆ್ಯಪ್ ತೆರೆಯುವುದು ಸುಮ್ನೆ ದಂಡ.

ತರಕಾರಿಯಲ್ಲಿ ಹಾಪ್‌ಕಾಮ್ಸ್ ನನಗೆ ಅಳತೆಗೋಲು. ಬೋರ್ಡ್ ಮೇಲೆ ಆ ದಿನದ ದರ ಬರೆದಿರುತ್ತಾರೆ, ಚೌಕಾಸಿ ಇಲ್ಲ, ತೂಕದಲ್ಲಿ ತಂಟೆ ಇಲ್ಲ. ಆ ದರ ನೋಡಿಕೊಂಡು ಎಂಟನೇ ಕ್ರಾಸ್‌ಗೆ ಹೋದರೆ ಎಷ್ಟಕ್ಕೆ ಕೇಳಬೇಕು ಅಂತ ಗೊತ್ತಿರುತ್ತದೆ. ಬೀನ್ಸ್, ಕ್ಯಾರೆಟ್ ಸಂಜೆ ಹೊತ್ತಿಗೆ ಗಾಡಿಯಲ್ಲೇ ಅಗ್ಗ. ಸೊಪ್ಪು ಮಾತ್ರ ಮೋಸದ ಲೆಕ್ಕ. ಗಾಡಿಯ ದಂಟಿನ ಸೊಪ್ಪಿನ ಕಟ್ಟನ್ನು ಮನೆಯಲ್ಲಿ ಬೇರು, ಮಣ್ಣು, ಬಲಿತ ದಂಟು ತೆಗೆದು ತೂಗಿದೆ, ಅರ್ಧಕ್ಕರ್ಧ ಹೋಯಿತು. ಸೂಪರ್‌ಮಾರ್ಕೆಟ್‌ನ ಬಿಡಿಸಿದ ಸೊಪ್ಪಿನ ಪ್ಯಾಕೆಟ್ ದುಬಾರಿ ಅನ್ನುವ ಮೊದಲು ಇದನ್ನು ಕಳೆಯಬೇಕು. ಕಳೆದರೂ ಗಾಡಿಯೇ ಸ್ವಲ್ಪ ಅಗ್ಗ, ಆದರೆ ನಾವು ಅಂದುಕೊಂಡಷ್ಟಲ್ಲ.

ತೆಂಗಿನಕಾಯಿ ಒಂದಕ್ಕೆ ಇಷ್ಟು ಅಂತ ಮಾರುವ ಕಡೆ ದೊಡ್ಡದನ್ನು ಆರಿಸಿ. ಕಿಲೋ ಲೆಕ್ಕದಲ್ಲಿ ಮಾರುವ ಕಡೆ ಜುಟ್ಟು, ನಾರು ಚೆನ್ನಾಗಿ ಕೀಳಿಸಿ ಆಮೇಲೆ ತಕ್ಕಡಿಗೆ ಹಾಕಿಸಿ.