ಬ್ಯಾಟರಿ ತಾನಾಗಿ ಕೂರದಿದ್ದರೆ ಒತ್ತಿ ಕೂರಿಸಬೇಡಿ

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿ ಆರ್‌ಸಿ ಕಾರ್, ಅಂದರೆ ರಿಮೋಟ್ ಕಾರ್, ಓಡಿಸುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ರೇಸ್ ಮಧ್ಯೆ ಬ್ಯಾಟರಿ ಬದಲಿಸೋಕೆ ಮನೆಯ ಮಕ್ಕಳನ್ನು ನಿಲ್ಲಿಸಿಕೊಳ್ಳುವವರಂತೂ ಓದಲೇಬೇಕು. ಮೂರು ವಾರದ ಹಿಂದೆ ನನ್ನ ಬಗ್ಗಿ (ಮಣ್ಣಿನಲ್ಲಿ ಓಡಿ ದಿಬ್ಬ ಹಾರುವ ಥರದ ಕಾರ್) ಟ್ರ್ಯಾಕ್ ಮೇಲೆಯೇ ಹೊತ್ತಿಕೊಂಡು ಉರಿಯಿತು. ಅಕ್ಕನ ಮಗನ ಎರಡು ಬೆರಳು ಸುಟ್ಟವು. ಅವನಿಗೆ 13 ವರ್ಷ. ತಪ್ಪು ಅವನದಲ್ಲ, ನನ್ನದು.

ಬೆಂಗಳೂರಿನ ಕನಕಪುರ ರಸ್ತೆ ಕಡೆ ಸ್ನೇಹಿತರೊಬ್ಬರ ಖಾಲಿ ಸೈಟ್ ಇದೆ. ಅಲ್ಲಿ ಮಣ್ಣು ಹೊಡೆಸಿ, ಅಂಚಿಗೆ ಹಳೇ ಪೈಪ್ ಹಾಸಿ ಪುಟ್ಟ ಟ್ರ್ಯಾಕ್ ಮಾಡಿಕೊಂಡಿದ್ದೇವೆ. ಭಾನುವಾರ ಬೆಳಗ್ಗೆ ಏಳೆಂಟು ಜನ ಸೇರುತ್ತೇವೆ. ಎಲ್ಲರದೂ 1/10 ಅಳತೆಯ (ನಿಜವಾದ ಕಾರಿನ ಹತ್ತನೇ ಒಂದರಷ್ಟು) ಎಲೆಕ್ಟ್ರಿಕ್ ಬಗ್ಗಿ. ಯಾವಾಗಲೂ ಐದೈದು ನಿಮಿಷದ ಓಟ ಇರುತ್ತಿತ್ತು, ಆವತ್ತು ಅರ್ಧ ಗಂಟೆಯ ರೇಸ್ ಇಟ್ಟುಕೊಂಡೆವು. ನಮ್ಮ ಕಾರ್‌ಗಳಲ್ಲಿ 5000 ಎಂಎಎಚ್ ಸಾಮರ್ಥ್ಯದ ಬ್ಯಾಟರಿ ಪ್ಯಾಕ್ ಒಂದು 12ರಿಂದ 15 ನಿಮಿಷ ಬರುತ್ತದೆ. ಹಾಗಾಗಿ ಎರಡು ಸಲ ಬ್ಯಾಟರಿ ಬದಲಿಸಬೇಕಿತ್ತು. ಓಡಿಸುವವರು ರಿಮೋಟ್ ಹಿಡಿದು ಮೇಲೆ ನಿಂತಿರುತ್ತಾರೆ, ಕೆಳಗೆ ಪಿಟ್‌ನಲ್ಲಿ (ಕಾರ್ ನಿಲ್ಲಿಸಿ ಬ್ಯಾಟರಿ ಬದಲಿಸುವ ಜಾಗ) ಇನ್ನೊಂದು ಜೊತೆ ಕೈ ಬೇಕೇ ಬೇಕು. ನನಗೆ ಅಕ್ಕನ ಮಗ ಬಂದ.

ವಾರವಿಡೀ ಊಟದ ಟೇಬಲ್ ಮೇಲೆ ಅಭ್ಯಾಸ ಮಾಡಿದ್ದೆವು. ಬಾಡಿಯ ಕ್ಲಿಪ್ ಕಿತ್ತು, ಪಟ್ಟಿ ಬಿಚ್ಚಿ, ಹಳೇದನ್ನು ತೆಗೆದು, ಹೊಸದನ್ನು ಇಟ್ಟು, ಪಟ್ಟಿ ಬಿಗಿದು, ಕನೆಕ್ಟರ್ ಹಾಕಿ ಬಾಡಿ ಮುಚ್ಚೋಕೆ ಅವನಿಗೆ 15 ಸೆಕೆಂಡ್ ಸಾಕಾಗುತ್ತಿತ್ತು. ಅವನ ಕೈ ನನ್ನ ಕೈಗಿಂತ ಚುರುಕು. ಆದರೆ ಅಭ್ಯಾಸ ಮಾಡಿದ್ದೆಲ್ಲ ನನ್ನ ಹಳೇ ಪ್ಯಾಕ್‌ನಲ್ಲಿ. ರೇಸ್‌ಗೆ ಅಂತ ತರಿಸಿದ ಎರಡು ಹೊಸ ಪ್ಯಾಕ್ ಕೈಗೆ ಬಂದಿದ್ದು ಶನಿವಾರ ಸಂಜೆ.

ಹಳೇದು ಹಾರ್ಡ್ ಕೇಸ್ ಪ್ಯಾಕ್. ಸೆಲ್‌ಗಳ ಸುತ್ತ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತದೆ. ರೇಸ್ ಕಾರ್‌ಗೆ ಬರುವ 2ಎಸ್ (ಎರಡು ಸೆಲ್‌ನ) ಪ್ಯಾಕ್ ಹೆಚ್ಚುಕಡಿಮೆ 139 ಮಿ.ಮೀ. ಉದ್ದ, 47 ಅಗಲ, 25 ದಪ್ಪ ಇರುತ್ತದೆ. ಟ್ರೇ (ಕಾರಿನಲ್ಲಿ ಬ್ಯಾಟರಿ ಕೂರುವ ಗೂಡು) ಮಾಡುವವರೂ ಇದೇ ಅಳತೆ ಇಟ್ಟುಕೊಂಡು ಮಾಡುತ್ತಾರೆ. ಹೊಸದು ಸಾಫ್ಟ್ ಪ್ಯಾಕ್. ಪೆಟ್ಟಿಗೆ ಇಲ್ಲ, ಬರೀ ನೀಲಿ ಪ್ಲಾಸ್ಟಿಕ್ ಸುತ್ತಿರುತ್ತದೆ. ಅದರ ಒಳಗೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆಯ ಚೀಲ. ಉಗುರಿನಲ್ಲಿ ಒತ್ತಿದರೆ ಗುರುತು ಬೀಳುತ್ತದೆ. ಬೆಲೆ ಅರ್ಧಕ್ಕರ್ಧ ಕಮ್ಮಿ, ಮೇಲೆ ದೊಡ್ಡದಾಗಿ 100ಸಿ ಅಂತ ಬರೆದಿತ್ತು (ಪ್ಯಾಕ್ ಎಷ್ಟು ಜೋರಾಗಿ ಕರೆಂಟ್ ಕೊಡಬಲ್ಲದು ಅನ್ನೋ ಅಂಕಿ ಅದು). ಮಾರಿದವರಿಗೆ ಫೋನ್ ಮಾಡಿ ಅಳತೆ ಕೇಳಿದ್ದೆ. "ಟೂ ಎಸ್ ಎಲ್ಲಾ ಒಂದೇ ಸೈಜ್ ಸರ್, ಆರಾಮಾಗಿ ಕೂರತ್ತೆ" ಅಂದರು. ಬಂದ ಮೇಲೆ ಅಳೆದೆ. ದಪ್ಪ 29 ಮಿ.ಮೀ. ಇತ್ತು.

ವಾಪಸ್ ಕಳಿಸಬೇಕಿತ್ತು. ನಾಳೆ ಬೆಳಗ್ಗೆ ರೇಸ್ ಅಲ್ವಾ, ಕಳಿಸಲಿಲ್ಲ. ಟ್ರೇ ತಳದಲ್ಲಿ 5 ಮಿ.ಮೀ. ದಪ್ಪದ ಸ್ಪಂಜು ಅಂಟಿಸಿತ್ತು. ಅದನ್ನು ಕಿತ್ತು ಹಾಕಿದೆ. ಪ್ಯಾಕ್ ಬಿಗಿಯಾಗಿ ಕೂತಿತು. ಪಟ್ಟಿ ಎಳೆದು ಹಾಕಿದರೆ ಕೊಕ್ಕೆ ಹೇಗೋ ಸಿಗುತ್ತಿತ್ತು. ಸಾಕು ಅಂದುಕೊಂಡು ಮಲಗಿದೆ.

ಆ ಸ್ಪಂಜಿನ ಕೆಳಗೆ ಏನಿದೆ ಅಂತ ನಾನು ನೋಡಲೇ ಇಲ್ಲ. ನಾಲ್ಕೈದು ತಿಂಗಳ ಹಿಂದೆ ಚಾಸಿಯ ತಳದ ಒಂದು ಸ್ಕ್ರೂ ಕಳೆದುಹೋಗಿತ್ತು. 8 ಮಿ.ಮೀ. ಉದ್ದದ್ದು ಬೇಕಿತ್ತು. ಎಸ್‌ಪಿ ರೋಡ್‌ನಿಂದ ತಂದ ಡಬ್ಬಿಯಲ್ಲಿ 12ರದ್ದು ಸಿಕ್ಕಿತು, ಅದನ್ನೇ ಹಾಕಿದ್ದೆ. ಅದರ ತುದಿ ಟ್ರೇ ಒಳಗೆ ನಾಲ್ಕು ಮಿ.ಮೀ. ಎದ್ದು ನಿಂತಿತ್ತು. ಅಷ್ಟು ದಿನವೂ ಸ್ಪಂಜು ಅದನ್ನು ಮುಚ್ಚಿಟ್ಟುಕೊಂಡಿತ್ತು, ಮೇಲೆ ಹಾರ್ಡ್ ಕೇಸ್ ಬೇರೆ ಇತ್ತು. ನಾನು ಎರಡನ್ನೂ ಒಂದೇ ರಾತ್ರಿ ತೆಗೆದುಬಿಟ್ಟೆ.

ರೇಸ್ ಶುರುವಾಯಿತು. ಮೊದಲ ಹೊಸ ಪ್ಯಾಕನ್ನು ನಾನೇ ನಿಧಾನವಾಗಿ ಕೂರಿಸಿದ್ದೆ, 13 ನಿಮಿಷ ಚೆನ್ನಾಗಿಯೇ ಓಡಿತು. ಮೂರನೇ ಸ್ಥಾನದಲ್ಲಿದ್ದೆವು. ಕಾರ್ ಪಿಟ್‌ಗೆ ತಂದು ನಿಲ್ಲಿಸಿದೆ. ಹುಡುಗ ಬಾಡಿ ತೆಗೆದ, ಬಿಸಿ ಪ್ಯಾಕ್ ಎಳೆದ, ಎರಡನೆಯದನ್ನು ಇಟ್ಟ. ಇಟ್ಟವನು ಅಲ್ಲಿಗೇ ನಿಂತ.

"ಮಾಮ, ಕೂರ್ತಿಲ್ಲ ಇದು."

"ಒತ್ತೋ ಜೋರಾಗಿ, ಟೈಮ್ ಹೋಗ್ತಿದೆ!"

"ಏನೋ ಅಡ್ಡ ಬರ್ತಿದೆ ಮಾಮ."

"ಏನಿಲ್ಲ, ಒತ್ತಿ ಪಟ್ಟಿ ಹಾಕು ಸಾಕು!"

ಅವನು ಎರಡೂ ಹೆಬ್ಬೆರಳು ಇಟ್ಟು ಮೈಭಾರ ಬಿಟ್ಟು ಒತ್ತಿದ. ಕೊಕ್ಕೆ ಸಿಕ್ಕಿತು. ಕಾರ್ ಹೊರಟಿತು. ಆ ಹುಡುಗನ ಕೈಗೆ ತಪ್ಪು ಗೊತ್ತಾಗಿತ್ತು, ಬಾಯಿಬಿಟ್ಟು ಎರಡು ಸಲ ಹೇಳಿದ. ಎರಡು ಸಲವೂ ನಾನೇ ಅವನ ಬಾಯಿ ಮುಚ್ಚಿಸಿದೆ. ನನಗೆ ರಾತ್ರಿ ನಿದ್ದೆಗೆಡಿಸುವುದು ಇದೊಂದೇ.

ಎರಡು ಸುತ್ತು ಆಯಿತು. ದಿಬ್ಬ ಹಾರಿ ಇಳಿದ ಏಟಿಗೆ ಕಾರ್ ಮಂಕಾಯಿತು. ಬಾಡಿಯ ಕೆಳಗಿಂದ ಬಿಳಿ ಹೊಗೆ ಬಂತು. ಮೊದಮೊದಲು ಧೂಳು ಅಂದುಕೊಂಡೆ. ಆಮೇಲೆ ಸುಯ್ ಅಂತ ಸದ್ದು, ಕುಕ್ಕರ್ ವಿಷಲ್ ಬರೋ ಮುಂಚೆ ಕೇಳುತ್ತದಲ್ಲ, ಹಾಗೆ. ಗಾಳಿಯಲ್ಲಿ ನೇಲ್ ಪಾಲಿಶ್ ತೆಗೆಯುವ ದ್ರಾವಣದಂಥ ಸಿಹಿ ವಾಸನೆ. ಹುಡುಗ ಓಡಿದ. "ಮುಟ್ಬೇಡ ಕಣೋ!" ಅಂತ ಕೂಗಿಕೊಂಡೆ. ಅಷ್ಟರಲ್ಲಿ ಅವನು ಬಾಗಿ ಕನೆಕ್ಟರ್ ಎಳೆಯಲು ಕೈ ಹಾಕಿದ್ದ. ಕನೆಕ್ಟರ್ ಕಿತ್ತರೆ ಕಾರ್ ಉಳಿಯುತ್ತದೆ ಅಂದುಕೊಂಡನಂತೆ. ಪಕ್ಕದಿಂದ ಗ್ಯಾಸ್ ಒಲೆಯಂತೆ ಬೆಂಕಿ ಚಿಮ್ಮಿತು.

ಸೆಲ್ ಒಳಗೇ ಶಾರ್ಟ್ ಆದ ಮೇಲೆ ಕನೆಕ್ಟರ್ ಕಿತ್ತು ಏನೂ ಪ್ರಯೋಜನವಿಲ್ಲ, ಇದನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಲಿಪೋ ಸೆಲ್ ಅಂದರೆ ತೆಳು ಪದರಗಳ ಮಡಿಕೆ. ಪ್ಲಸ್, ಮೈನಸ್ ಪದರಗಳ ಮಧ್ಯೆ ಕಾಗದಕ್ಕಿಂತ ತೆಳುವಾದ ಹಾಳೆ ಇರುತ್ತದೆ. ಚೂಪಾದ ಲೋಹ ಅದನ್ನು ದಾಟಿದರೆ ಚಾರ್ಜ್ ಎಲ್ಲ ಒಳಗೊಳಗೇ ಹರಿಯುತ್ತದೆ, ಬಿಸಿಯಾಗುತ್ತದೆ, ಆ ಬಿಸಿಗೆ ಪಕ್ಕದ ಪದರಗಳೂ ಹಾಳಾಗುತ್ತವೆ. ಒಮ್ಮೆ ಶುರುವಾದರೆ ನಡುವೆ ನಿಲ್ಲಿಸಲು ಆಗುವುದಿಲ್ಲ. ಅದೂ ನಮ್ಮದು ಆಗಷ್ಟೇ ಹಾಕಿದ ತುಂಬಿದ ಪ್ಯಾಕ್, 8.4 ವೋಲ್ಟ್. ಸ್ನೇಹಿತರು ಪಕ್ಕದ ರಾಶಿಯಿಂದ ಮರಳು ತಂದು ಸುರಿದರು. ಆರಿತು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಮರಳಿನ ಒಳಗಿಂದಲೇ ಎರಡನೇ ಸಲ ಬೆಂಕಿ ಎದ್ದಿತು. 2ಎಸ್ ಅಂದರೆ ಎರಡು ಸೆಲ್ ಅಲ್ವಾ, ಮೊದಲನೆಯದರ ಕಾವಿಗೆ ಎರಡನೆಯದೂ ಹೋಯಿತು. ಆರಿತು ಅಂತ ಹತ್ತಿರ ಹೋಗಿ ಬಾಗಿ ನೋಡಬೇಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಥರದ ವಿಷಾನಿಲ ಇರುತ್ತದೆ. ಗಾಳಿ ಬೀಸುವ ದಿಕ್ಕು ನೋಡಿ ದೂರ ನಿಲ್ಲಿ.

ಹುಡುಗನ ತೋರುಬೆರಳು, ನಡುಬೆರಳು ಕೆಂಪಾಗಿ ಗುಳ್ಳೆ ಏಳುತ್ತಿದ್ದವು. ಒಬ್ಬರು ಟೂತ್‌ಪೇಸ್ಟ್ ಹಚ್ಚಿ ಅಂದರು. ಫ್ಯಾಕ್ಟರಿಯಲ್ಲಿ ಸೇಫ್ಟಿ ಕೆಲಸ ನೋಡಿಕೊಳ್ಳುವ ಸ್ನೇಹಿತರು ಅದಕ್ಕೆ ಬಿಡಲಿಲ್ಲ. ಡ್ರಮ್‌ನಿಂದ ಮಗ್‌ನಲ್ಲಿ ನೀರು ತೆಗೆದು, 20 ನಿಮಿಷ ಗಡಿಯಾರ ನೋಡಿಕೊಂಡು ಬೆರಳ ಮೇಲೆ ಹುಯ್ಯುತ್ತಲೇ ಇದ್ದರು. ಆಮೇಲೆ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಕೇಳಿದ ಮೊದಲ ಮಾತು "ಪೇಸ್ಟ್ ಗೀಸ್ಟ್ ಹಚ್ಚಿಲ್ಲ ತಾನೇ?" ದಾರಿಯುದ್ದಕ್ಕೂ ಹುಡುಗ ಅಳಲಿಲ್ಲ. "ಕಾರ್ ಹೋಯ್ತಾ ಮಾಮ?" ಅಂತ ಒಂದೇ ಸಲ ಕೇಳಿದ.

ಸಂಜೆ ಕಾರಿನ ತಳ ಬಿಚ್ಚಿದಾಗ ಸ್ಕ್ರೂ ತುದಿ ಕಂಡಿತು. ಮೊದಲು ಹಾಕಿದ್ದ ಇನ್ನೊಂದು ಹೊಸ ಪ್ಯಾಕನ್ನು ತಿರುಗಿಸಿ ನೋಡಿದೆ. ಅದರ ಹೊಟ್ಟೆಯಲ್ಲೂ ಅದೇ ಜಾಗದಲ್ಲಿ ಕಡಲೆಬೇಳೆಯಷ್ಟು ಗುಳಿ ಬಿದ್ದಿತ್ತು. ನೀಲಿ ಪ್ಲಾಸ್ಟಿಕ್ ಹರಿದು ಬೆಳ್ಳಿ ಹಾಳೆ ಕಾಣುತ್ತಿತ್ತು. ಇನ್ನು ಕೂದಲೆಳೆಯಷ್ಟು ಒಳಗೆ ಹೋಗಿದ್ದರೆ ಅದೂ ಹೊತ್ತುತ್ತಿತ್ತು. ಆ ಪ್ಯಾಕನ್ನು ನಾವು ಬಿಸಿ ಬಿಸಿಯಾಗಿ ಬ್ಯಾಗ್‌ಗೆ ಹಾಕಿ, ಆಸ್ಪತ್ರೆಗೆ ಹೋದ ಕಾರಿನ ಡಿಕ್ಕಿಯಲ್ಲೇ ಇಟ್ಟಿದ್ದೆವು.

ಈಗ ನಿಮ್ಮ ಕಾರ್ ತೆಗೆದು ಟ್ರೇ ಖಾಲಿ ಮಾಡಿ. ಸ್ಪಂಜು ಇದ್ದರೆ ಎತ್ತಿ. ತಳದಲ್ಲಿ, ನಾಲ್ಕೂ ಗೋಡೆಗಳಲ್ಲಿ ಬೆರಳು ಆಡಿಸಿ ನೋಡಿ. ಸ್ಕ್ರೂ ತುದಿ, ಕಾರ್ಬನ್ ಫೈಬರ್‌ನ ಚೂಪು ಅಂಚು, ಒಡೆದ ಪ್ಲಾಸ್ಟಿಕ್, ಸಿಕ್ಕಿಕೊಂಡ ಸಣ್ಣ ಜಲ್ಲಿ, ಇದ್ದರೆ ಕೈಗೆ ತಗಲುತ್ತದೆ. ನಮ್ಮದು ಮಣ್ಣಿನ ಟ್ರ್ಯಾಕ್, ಜಲ್ಲಿಯಂತೂ ಪ್ರತಿ ಓಟಕ್ಕೂ ಒಂದೆರಡು ಸಿಗುತ್ತದೆ. ಅಡಿಯ ಸ್ಕ್ರೂ ಬದಲಿಸಿದ್ದರೆ ಹಳೇದರಷ್ಟೇ ಉದ್ದದ್ದು ಹಾಕಿದ್ದೀರಾ ಅಂತ ನೋಡಿ.

ಪ್ಯಾಕ್ ಟ್ರೇಯಲ್ಲಿ ತನ್ನ ಭಾರಕ್ಕೇ ಇಳಿದು ಕೂರಬೇಕು. ತಣ್ಣಗಿದ್ದಾಗ ಬಿಗಿಯಾಗಿ ಹೋಗುತ್ತದೆ ಅಂದರೆ ಸಾಲದು. ಸಾಫ್ಟ್ ಪ್ಯಾಕ್ ಓಡಿ ಬಿಸಿಯಾದಾಗ ಸ್ವಲ್ಪ ಊದುತ್ತದೆ, ದಿನ ಕಳೆದಂತೆ ಇನ್ನೂ ಊದುತ್ತದೆ. ಒಂದೆರಡು ಮಿ.ಮೀ. ಜಾಗ ಬಿಟ್ಟು ಸ್ಪಂಜಿನಿಂದ ಹಿಡಿಸಿ. ಸ್ಪಂಜು ಇರುವುದೇ ಅದಕ್ಕೆ, ಜಾಗ ಸಾಲದು ಅಂತ ನನ್ನ ಹಾಗೆ ಕೀಳಬೇಡಿ. ಹಾರುವ ಬಗ್ಗಿಗೆ ನನ್ನ ಪ್ರಕಾರ ಹಾರ್ಡ್ ಕೇಸ್ ಬಿಟ್ಟು ಬೇರೆ ಹಾಕಲೇಬಾರದು. 100ಸಿ ಅನ್ನೋ ಅಕ್ಷರಕ್ಕೆ ಮರುಳಾಗಬೇಡಿ. ಅಗ್ಗದ ಪ್ಯಾಕ್ ಮೇಲಿನ ಆ ಅಂಕಿಯನ್ನು ಹೆಚ್ಚಾಗಿ ಯಾರೂ ಅಳೆದು ಬರೆದಿರುವುದಿಲ್ಲ. ಮಾರಿದವರು ನನಗೆ ದುಡ್ಡು ವಾಪಸ್ ಕೊಡಲಿಲ್ಲ, "ಚುಚ್ಚಿದ್ದು ನೀವು ಸರ್" ಅಂದರು. ಚುಚ್ಚಿದ್ದು ನಾನೇ, ನಿಜ. ಆದರೆ ಅಳತೆ ಕೇಳಿದಾಗ ಸುಳ್ಳು ಹೇಳಿದ್ದು ಅವರು. ಕೊಳ್ಳುವ ಮುಂಚೆ ಮೂರೂ ಅಳತೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಬೇಗ ಬದಲಿಸಬೇಕು ಅಂದರೆ ಕೈಯ ಬಲದಿಂದ ಆಗುವುದಿಲ್ಲ, ಹಿಂದಿನ ದಿನ ಮನೆಯಲ್ಲಿ ಮಾಡಿಟ್ಟ ಕೆಲಸದಿಂದ ಆಗುತ್ತದೆ. ರೇಸ್‌ಗೆ ಯಾವ ಪ್ಯಾಕ್ ಒಯ್ಯುತ್ತೀರೋ ಅದರಲ್ಲೇ, ಎಲ್ಲ ಪ್ಯಾಕ್‌ಗಳಲ್ಲೂ ಅಭ್ಯಾಸ ಮಾಡಿ. ಪಟ್ಟಿಗೆ ಎಳೆಯಲು ಒಂದು ಬಾಲ ಬಿಡಿ. ಬ್ಯಾಲೆನ್ಸ್ ವೈರ್ (ಚಾರ್ಜ್ ಮಾಡುವಾಗ ಸೆಲ್‌ಗಳನ್ನು ಸಮ ಮಾಡಲು ಬಳಸುವ ತೆಳು ವೈರ್) ಸಡಿಲವಾಗಿದ್ದರೆ ಗೇರ್‌ಗೆ ಸುತ್ತಿಕೊಳ್ಳುತ್ತದೆ, ಟೇಪ್ ಹಾಕಿ ಪ್ಯಾಕ್‌ಗೇ ಅಂಟಿಸಿ. ಕೆಲವು ಹಾರ್ಡ್ ಕೇಸ್ ಪ್ಯಾಕ್‌ಗಳಿಗೆ ಉದ್ದನೆಯ ಬುಲೆಟ್ ಪಿನ್ ಚುಚ್ಚಬೇಕು. ಅವಸರದಲ್ಲಿ ಅದು ಉಲ್ಟಾ ಹೋಗುತ್ತದೆ. ನಮ್ಮಲ್ಲೇ ಒಬ್ಬರ ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ಹಾಗೇ ಸುಟ್ಟುಹೋಯಿತು. ಪಿನ್‌ಗಳನ್ನು ಮನೆಯಲ್ಲೇ ಸರಿಯಾಗಿ ಚುಚ್ಚಿ, ವೈರ್‌ನ ಇನ್ನೊಂದು ತುದಿಗೆ ಎಕ್ಸ್‌ಟಿ-60 ಸೋಲ್ಡರ್ ಮಾಡಿಕೊಳ್ಳಿ. ಆ ಹಳದಿ ಕನೆಕ್ಟರ್‌ನ ಒಂದು ಬದಿ ಓರೆಯಾಗಿರುತ್ತದೆ, ಉಲ್ಟಾ ಹೋಗುವುದಿಲ್ಲ. ಪಿಟ್‌ನಲ್ಲಿ ಕಿತ್ತು ಹಾಕುವುದು ಅದನ್ನು ಮಾತ್ರ. ಕನೆಕ್ಟರ್ ಹಾಕುವಾಗ ಮೇಲೆ ನಿಂತವರು ರಿಮೋಟ್ ಆನ್ ಇಟ್ಟು, ಥ್ರಾಟಲ್‌ನಿಂದ ಬೆರಳು ತೆಗೆದಿರಬೇಕು. ಇಲ್ಲದಿದ್ದರೆ ಮಗುವಿನ ಕೈ ಅಲ್ಲಿರುವಾಗಲೇ ಚಕ್ರ ತಿರುಗೀತು.

ಹೊರಗೆ ಬಂದ ಪ್ಯಾಕನ್ನು ಆ ಕ್ಷಣಕ್ಕೆ ಚಾರ್ಜ್‌ಗೆ ಹಾಕಬೇಡಿ, ಮೈ ತಣ್ಣಗಾಗಲಿ. ಆಮೇಲೆ ಹೊಟ್ಟೆ ತಿರುಗಿಸಿ ನೋಡಿ. ಗುಳಿ, ಹರಿದ ಪ್ಲಾಸ್ಟಿಕ್, ತಣ್ಣಗಾದರೂ ಇಳಿಯದ ಊತ, ಸಿಹಿ ವಾಸನೆ, ಯಾವುದಿದ್ದರೂ ಆ ಪ್ಯಾಕ್ ಮುಗಿಯಿತು. ಒಂದು ಸೆಲ್ 3 ವೋಲ್ಟ್‌ಗಿಂತ ಕೆಳಗೆ ಇಳಿದಿದ್ದರೂ ಅಷ್ಟೇ. ಅನುಮಾನದ ಪ್ಯಾಕನ್ನು ಕಾರ್, ಆಟೋ, ಮನೆ ಯಾವುದರ ಒಳಗೂ ತರಬೇಡಿ. ಬಯಲಲ್ಲಿ ಮರಳಿನ ಬಕೆಟ್‌ನಲ್ಲಿ ಇಡಿ. ಪಿಟ್ ಪಕ್ಕ ಆ ಬಕೆಟ್ ಒಂದು, ನೀರಿನ ಡ್ರಮ್ ಒಂದು ಇರಲೇಬೇಕು. ಗುಳಿ ಬಿದ್ದ ನನ್ನ ಪ್ಯಾಕನ್ನು ಬಯಲಲ್ಲೇ ಕಾರಿನ ಹಳೇ ಬಲ್ಬ್ ಕಟ್ಟಿ, ದೂರ ಕೂತು, ಪೂರ್ತಿ ಖಾಲಿ ಮಾಡಿದೆ. ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆ. ಪಾಲಿಕೆಯ ಕಸದ ಗಾಡಿಗೆ ಹಾಕಿದರೆ ಗಾಡಿಯಲ್ಲಿ ಬೆಂಕಿ ಏಳಬಹುದು. ಕಸ ತುಳಿದು ಒತ್ತುವ ಪೌರಕಾರ್ಮಿಕರ ಕೈಕಾಲೂ ಮಾಂಸದ್ದೇ.

ಮಕ್ಕಳಿಗೆ ಪಿಟ್ ಕೆಲಸ ಕಲಿಸುವ ಮುಂಚೆ ಎರಡು ಮಾತು ಹೇಳಿಕೊಡಿ. ಹೊಗೆ ಕಂಡರೆ ಓಡಿ ದೂರ ಹೋಗು, ಕಾರ್ ಸುಟ್ಟರೆ ಸುಡಲಿ. ಪ್ಯಾಕ್ ಕೂರದಿದ್ದರೆ ಕೈ ಎತ್ತು, ಮಾಮ ಕೂಗಿದರೂ ಒತ್ತಬೇಡ.

ಹುಡುಗನ ಬೆರಳಿಗೆ ಹೊಸ ಚರ್ಮ ಬಂದಿದೆ. ಬರೆಯೋಕೆ ತೊಂದರೆ ಇಲ್ಲ. ಅಕ್ಕ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ, ಅವಳ ಕೋಪ ನ್ಯಾಯವಾದದ್ದೇ. ಅವನು ಕಳೆದ ವಾರ ಬಡಗಿ ಅಂಗಡಿಗೆ ಹೋಗಿ 139, 47, 25ರ ಅಳತೆಗೆ ಒಂದು ಮರದ ತುಂಡು ಕೊಯ್ಯಿಸಿಕೊಂಡು ಬಂದಿದ್ದಾನೆ. ಅಂಚೆಲ್ಲ ಉಜ್ಜಿ, ತುದಿಗೆ ಕೆಲಸಕ್ಕೆ ಬಾರದ ಹಳೇ ಕನೆಕ್ಟರ್ ಕಟ್ಟಿದ್ದಾನೆ. ಈಗ ಅಭ್ಯಾಸ ಅದರಲ್ಲೇ. ನಿಮ್ಮ ಟ್ರೇ ಬಗ್ಗೆ ಅನುಮಾನ ಇದ್ದರೆ ಭಾನುವಾರ ಬೆಳಗ್ಗೆ ಕಾರ್ ತನ್ನಿ. ಆ ಮರದ ತುಂಡನ್ನು ಇಟ್ಟು ನೋಡೋಣ.