ಮಗನನ್ನು ಕಳಿಸಿದವನೇ ಬಿಡಿಸ್ತೀನಿ ಅಂತ ಮತ್ತೆ ದುಡ್ಡು ಕೇಳ್ತಾನೆ, ಹುಷಾರ್!

ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ಊಟ ವಸತಿ ಫ್ರೀ, ಅನುಭವ ಬೇಡ. ಈ ಮೆಸೇಜ್ ನಿಮ್ಮ ಮನೆ ಹುಡುಗರ ಫೋನಿಗೂ ಬಂದಿರುತ್ತದೆ. ದಯವಿಟ್ಟು ಪೂರ್ತಿ ಓದಿ.

ನನ್ನ ಮಗನನ್ನು ಈ ಕೆಲಸಕ್ಕೆ ಅಂತ ಕಳಿಸಿದ ಏಜೆಂಟ್ ಹೊರಗಿನವನಲ್ಲ, ನಮ್ಮ ಕಡೆಯವನೇ. ಮನೆಗೆ ಬಂದು ಕಾಫಿ ಕುಡಿದು "ಅಮ್ಮಾ, ಅವನು ನನಗೆ ತಮ್ಮ ಇದ್ದ ಹಾಗೆ" ಅಂದ. ಒಂದೂವರೆ ಲಕ್ಷ ತಗೊಂಡ. ರಸೀದಿ ಕೇಳಿದರೆ "ಫೋನ್‌ನಲ್ಲಿ ಹಾಕಿದ್ದೇ ರಸೀದಿ ಅಲ್ವಾ ಅಮ್ಮಾ?" ಅಂತ ನಕ್ಕ. ದುಡ್ಡು ಹೋಗಿದ್ದು ಯಾವುದೋ ಹೆಂಗಸಿನ ಅಕೌಂಟಿಗೆ. ಸರ್ಕಾರದಲ್ಲಿ ನೋಂದಣಿ ಆಗಿರುವ ಏಜೆಂಟ್ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ಬಿಟ್ಟು ಒಂದು ಪೈಸೆ ಜಾಸ್ತಿ ತಗೊಳ್ಳುವ ಹಾಗಿಲ್ಲ. ಇದನ್ನು ಆಗ ನಮಗೆ ಹೇಳುವವರು ಯಾರೂ ಇರಲಿಲ್ಲ.

ಥಾಯ್ಲೆಂಡ್‌ಗೆ ಪ್ರವಾಸಕ್ಕೆ ಹೋಗಲು ನಮ್ಮವರಿಗೆ ಆಗ ವೀಸಾ ಬೇಕಿರಲಿಲ್ಲ. ಈ ಕಳ್ಳರಿಗೆ ಬೇಕಾಗಿದ್ದೂ ಅದೇ. ಮಗ ಬ್ಯಾಂಕಾಕ್‌ನಲ್ಲಿ ಇಳಿದ. ಆಫೀಸಿಗೆ ಅಂತ ಕಾರು ಹತ್ತಿಸಿ ಗಡಿಯ ಮೇ ಸಾಟ್ ಊರಿಗೆ ಕರೆದುಕೊಂಡು ಹೋದರು. ರಾತ್ರಿ ಮೋಯಿ ನದಿ ದಾಟಿಸಿದರು. ಆಚೆ ದಡ ಮ್ಯಾನ್ಮಾರ್, ಮ್ಯಾವಡ್ಡಿ. ಪಾಸ್‌ಪೋರ್ಟ್ ಕಿತ್ತುಕೊಂಡರು. ಕೆಲಸ ಏನು ಗೊತ್ತಾ? ಹುಡುಗಿ ಹೆಸರಿನಲ್ಲಿ ಚಾಟ್ ಮಾಡಿ ಜನರಿಂದ ಕ್ರಿಪ್ಟೋದಲ್ಲಿ ದುಡ್ಡು ಹಾಕಿಸುವುದು. ಟಾರ್ಗೆಟ್ ಮುಟ್ಟದಿದ್ದರೆ ಹೊಡೆತ.

ಏಜೆಂಟ್‌ಗೆ ಫೋನ್ ಮಾಡಿದೆ. ಮೊದಲು "ಹೊಸಬರಿಗೆ ಹಾಗನ್ನಿಸುತ್ತೆ ಅಮ್ಮಾ, ಅಡ್ಜಸ್ಟ್ ಆಗ್ತಾನೆ" ಅಂದ. ಆಮೇಲೆ ವಾಯ್ಸ್ ಮೆಸೇಜ್ ಕಳಿಸಿದ. "ಕಂಪನಿಯವರು ಅವನ ಮೇಲೆ ಖರ್ಚು ಮಾಡಿದ್ದಾರೆ. ನಾಲ್ಕು ಲಕ್ಷ ಕಟ್ಟಿದರೆ ಬಿಡ್ತಾರೆ. ಎಂಬೆಸಿಯಲ್ಲೂ ನಮ್ಮ ಜನ ಇದ್ದಾರೆ. ಪೊಲೀಸ್ ಹತ್ತಿರ ಹೋದರೆ ಬೇರೆ ಕಂಪನಿಗೆ ಮಾರಿಬಿಡ್ತಾರೆ, ನೋಡಿ." ಮಾರ್ತಾರಂತೆ! ನನ್ನ ಮಗನನ್ನ! ಹಾಲಿನ ರೇಟು ಹೇಳಿದ ಹಾಗೆ ಹೇಳಿದ. ಸರ ಅಡವಿಟ್ಟು ಅರ್ಧ ದುಡ್ಡು ಹಾಕಿದೆ. ಹಾಕಿದ ಮೇಲೆ ಫೋನ್ ಎತ್ತಲಿಲ್ಲ. ಬ್ಲೂ ಟಿಕ್ ಮಾತ್ರ ಬರುತ್ತಿತ್ತು.

2025ರ ಫೆಬ್ರವರಿಯಲ್ಲಿ ಈ ಮೋಸದ ಅಡ್ಡೆಗಳನ್ನು ಮುಚ್ಚಿಸಲು ಥಾಯ್ಲೆಂಡ್ ಆ ಕಡೆಗೆ ಹೋಗುವ ಕರೆಂಟು, ಇಂಟರ್ನೆಟ್, ಇಂಧನ ಎಲ್ಲ ನಿಲ್ಲಿಸಿತು. ಮಾರ್ಚ್‌ನಲ್ಲಿ ನಮ್ಮ ವಾಯುಪಡೆ ವಿಮಾನಗಳು ಮೇ ಸಾಟ್‌ನಿಂದ ಎರಡು ದಿನದಲ್ಲಿ, ಆ ಅಡ್ಡೆಗಳಿಂದ ಬಿಡುಗಡೆಯಾದ 549 ಭಾರತೀಯರನ್ನು ಕರೆತಂದವು. ಅದರಲ್ಲಿ ನನ್ನ ಮಗನೂ ಇದ್ದ. ಅವನ ಬಿಡುಗಡೆಗೂ ನಾನು ಕೊಟ್ಟ ದುಡ್ಡಿಗೂ ಸಂಬಂಧವೇ ಇಲ್ಲ. ಸರ್ಕಾರ ನಮ್ಮಿಂದ ಏನೂ ಕೇಳಲಿಲ್ಲ.

ಮಗ ಮನೆಗೆ ಬಂದ ವಾರದಲ್ಲೇ ಏಜೆಂಟ್‌ನಿಂದ ಮೆಸೇಜ್. "ನೋಡಿದ್ರಾ ಅಮ್ಮಾ, ಹೇಳಿದ ಹಾಗೆ ಮಾಡಿಸಿದೆ. ಉಳಿದಿದ್ದು ಯಾವಾಗ ಹಾಕ್ತೀರಾ?" ಕೈ ನಡುಗಿತು. ಉಳಿದಿದ್ದಂತೆ! ಇನ್ನೊಮ್ಮೆ ಓದಿದೆ, ಅದನ್ನೇ ಬರೆದಿದ್ದ.

ಸ್ಟೇಷನ್‌ಗೆ ಹೋದೆ. ಅಲ್ಲಿಗೂ ಅವನ ಉತ್ತರ ರೆಡಿ ಇತ್ತು. "ಹುಡುಗ ತಾನೇ ನಗುತ್ತಾ ಹೋಗಿದ್ದಾನೆ, ಏರ್‌ಪೋರ್ಟ್ ಫೋಟೋ ಇದೆ, ಸಹಿ ಇದೆ." ಅಲ್ಲಿದ್ದವರೂ ತಲೆ ಆಡಿಸಿದರು. ಒಬ್ಬ ವಕೀಲರು ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ತೋರಿಸಿದ ಮೇಲೆ ಧೈರ್ಯ ಬಂತು. ಮೋಸ ಮಾಡಿ, ಆಸೆ ತೋರಿಸಿ ಗುಲಾಮಗಿರಿಗೆ ಸಾಗಿಸಿದರೆ ಅದು ಮಾನವ ಕಳ್ಳಸಾಗಣೆ, ಹೋದವನು ಒಪ್ಪಿದ್ದ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಕನಿಷ್ಠ ಏಳು ವರ್ಷ ಜೈಲು. ಇದನ್ನು ಪ್ರಿಂಟ್ ತೆಗೆಸಿ ಮತ್ತೆ ಹೋದೆ. ಆಗ ದೂರು ಬರೆದುಕೊಂಡರು.

ಈಗ ಆ ಪ್ರಿಂಟ್ ಹಿಡಿದು ಐಟಿಐ, ಡಿಗ್ರಿ ಕಾಲೇಜುಗಳ ಗೇಟಿನಲ್ಲಿ ನಿಲ್ಲುತ್ತೇನೆ. ಒಂದು ಕಾಲೇಜಿನಲ್ಲಿ "ಇಲ್ಲೆಲ್ಲ ಬೇಡಮ್ಮಾ, ಕಾಲೇಜಿಗೆ ಕೆಟ್ಟ ಹೆಸರು" ಅಂದರು. ನಮ್ಮ ಅತ್ತಿಗೆ "ಮಗನ ಮದುವೆ ಆಗಬೇಕು, ಸುಮ್ನೆ ಇರಬಾರದಾ" ಅಂತಾರೆ. ಸುಮ್ನೆ ಇದ್ದರೆ ಆ ಏಜೆಂಟ್‌ಗೆ ಅನುಕೂಲ, ನನಗಲ್ಲ. ಗೇಟಿನಲ್ಲಿ ಹುಡುಗರು ನಗುತ್ತಾರೆ, ಆದರೆ ಆಮೇಲೆ ಒಬ್ಬಿಬ್ಬರು ತಿರುಗಿ ಬಂದು ತಮಗೆ ಬಂದ ಮೆಸೇಜ್ ತೋರಿಸುತ್ತಾರೆ. ಕೆಲವದರಲ್ಲಿ ಅದೇ ಸಾಲು, ಅದೇ ಫ್ರೀ ಊಟ!

ದುಡ್ಡು ಕೊಡುವ ಮೊದಲು ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಏಜೆಂಟ್ ಹೆಸರು ಹುಡುಕಿ. ಇಲ್ಲ ಅಂದರೆ ಅವನು ಎಷ್ಟೇ ಅಮ್ಮಾ ಅಮ್ಮಾ ಅಂದರೂ ಬಾಗಿಲು ಹಾಕಿ. ಪ್ರವಾಸದ ಹೆಸರಲ್ಲಿ ಹೋಗಿ ಅಲ್ಲಿ ಕೆಲಸದ ಪೇಪರ್ ಮಾಡಿಸೋಣ ಅಂದರೆ ಮಾತೇ ಬೇಡ. ಮಕ್ಕಳು ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ, ರಾಯಭಾರ ಕಚೇರಿಗೆ ಬರೆಯಿರಿ. ಬಿಡಿಸ್ತೀನಿ ಅಂತ ಬರುವವನಿಗೆ ಒಂದು ರೂಪಾಯಿ ಕೊಡಬೇಡಿ. ಅವನ ವಾಯ್ಸ್ ಮೆಸೇಜ್, ಬ್ಯಾಂಕ್ ಸ್ಟೇಟ್‌ಮೆಂಟ್ ಯಾವುದನ್ನೂ ಅಳಿಸಬೇಡಿ.

ನಮ್ಮ ಏಜೆಂಟ್ ಈಗ ನಂಬರ್ ಬದಲಾಯಿಸಿ ಲಾವೋಸ್‌ಗೆ ಹುಡುಗರನ್ನು ಹುಡುಕುತ್ತಿದ್ದಾನಂತೆ. ಇಂಥವನಿಗೆ ದುಡ್ಡು ಕೊಟ್ಟಿರುವ ಅಪ್ಪ ಅಮ್ಮಂದಿರು ಯಾರಿದ್ದರೂ ನನಗೆ ಮೆಸೇಜ್ ಮಾಡಿ, ಸ್ಟೇಷನ್‌ಗೆ ನಾನೇ ಜೊತೆಗೆ ಬರ್ತೀನಿ.